ಸರ್ಪಕ್ಕೆ ಹಸಿವಾದರೆ?

ಗಂಗಾವತಿಯಿಂದ ಬರೆದ ಗೆಳೆಯರೇ,

ದೆವ್ವದ ಸಿನಿಮಾ ಅಂತ ಹೋದರೆ ಬರೀ ಬಾಗಿಲು ಕಿರ್ ಅನ್ನುತ್ತೆ, ಬಿಳಿ ಸೀರೆ ಓಡಾಡುತ್ತೆ, ಅಜ್ಜಿ ಹೇಳೋ ಕಥೆಯಷ್ಟೂ ಭಯ ಆಗಲ್ಲ, ಅಂಥದ್ದೇನಾದ್ರೂ ಇದ್ರೆ ಹೇಳಿ ಸಾರ್ ಅಂತ ಕೇಳಿದ್ದೀರಿ. ಇದೆ. 'ತುಂಬಾಡ್' ನೋಡಿ.

ಹಿಂದಿ ಸಿನಿಮಾ, 2018ರದ್ದು, ನಿರ್ದೇಶಕ ರಾಹಿ ಅನಿಲ್ ಬರ್ವೆ. ಒಂದೂಮುಕ್ಕಾಲು ಗಂಟೆ ಅಷ್ಟೇ. ಆಗ ಥಿಯೇಟರಿಗೆ ಹೋಗಿ ನೋಡಿದವರು ಕಡಿಮೆ, ನಾನೂ ಹೋಗಿರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಮತ್ತೆ ಬಿಟ್ಟಾಗ ಮೊದಲ ಸಲಕ್ಕಿಂತ ಜಾಸ್ತಿ ದುಡ್ಡು ಮಾಡಿತು.

ಕಥೆ ಹೀಗೆ. ದೇವರುಗಳನ್ನೆಲ್ಲ ಹೆತ್ತ ತಾಯಿ ಒಬ್ಬಳು, ಅವಳ ಚೊಚ್ಚಲ ಮಗ ಹಸ್ತರ್. ತಾಯಿಯ ಬಂಗಾರವೂ ತನಗೇ ಬೇಕು, ಧಾನ್ಯವೂ ತನಗೇ ಬೇಕು ಅಂದ. ಬಂಗಾರ ಸಿಕ್ಕಿತು. ಧಾನ್ಯಕ್ಕೆ ಕೈ ಹಾಕೋ ಹೊತ್ತಿಗೆ ತಮ್ಮಂದಿರೆಲ್ಲ ಮೇಲೆ ಬಿದ್ದರು. ತಾಯಿ ಉಳಿಸಿಕೊಂಡಳು, ಆದರೆ ಇವನಿಗೆ ಯಾರೂ ಪೂಜೆ ಮಾಡಬಾರದು ಅನ್ನೋ ಕರಾರಿನ ಮೇಲೆ. ಈಗ ಅವನ ಹತ್ರ ಬಂಗಾರ ಬೇಕಾದಷ್ಟಿದೆ, ತಿನ್ನೋಕೆ ಒಂದು ಕಾಳಿಲ್ಲ.

ಯಾವ ಪುರಾಣದಲ್ಲೂ ಹುಡುಕಬೇಡಿ, ಇದು ಸಿನಿಮಾದವರೇ ಕಟ್ಟಿದ್ದು. ಆದ್ರೂ ನಮ್ಮ ಕಡೆಯದ್ದೇ ಅನಿಸುತ್ತೆ, ಅಲ್ವಾ? ಏಳು ಕೊಪ್ಪರಿಗೆ ಹೊನ್ನು, ಅದರ ಮೇಲೆ ಹೆಡೆ ಎತ್ತಿ ಕೂತ ಸರ್ಪ, ನಾವೆಲ್ಲ ಕೇಳಿಕೊಂಡೇ ಬೆಳೆದವರು. ಆ ಸರ್ಪಕ್ಕೆ ಹಸಿವಾಗಲ್ವಾ ಅಂತ ಮಾತ್ರ ನಾವ್ಯಾರೂ ಕೇಳಲಿಲ್ಲ.

ವಿನಾಯಕ ಅನ್ನೋನು ಆ ಬಂಗಾರದ ಆಸೆಗೆ, ಕಣಿಕದ ಗೊಂಬೆ ಹಿಡಿದು ಹಸ್ತರ್ ಇರೋ ಬಾವಿಯೊಳಗೆ ಇಳಿಯುತ್ತಾನೆ. ಸುತ್ತ ಹಿಟ್ಟಿನಲ್ಲಿ ಗೆರೆ ಎಳೆಯುತ್ತಾನೆ. ಹಸ್ತರ್ ಗೊಂಬೆಗೆ ಬಾಯಿ ಹಾಕಿದ ಅಷ್ಟೇ ಹೊತ್ತಿನಲ್ಲಿ ಅವನ ಲಂಗೋಟಿಯಿಂದ ನಾಣ್ಯ ಕಿತ್ತುಕೊಂಡು ಹಗ್ಗ ಹಿಡಿದು ಮೇಲೆ ಬರಬೇಕು. ಸಿಗೋದು ಬೊಗಸೆಯಷ್ಟೂ ಇಲ್ಲ. ಮುಂದೆ ಇದನ್ನೇ ಮಗನಿಗೂ ಕಲಿಸುತ್ತಾನೆ, ಕಮ್ಮಾರ ಮಗನಿಗೆ ತಿದಿ ಒತ್ತೋದು ಕಲಿಸಿದ ಹಾಗೆ. ನನಗೆ ಹಸ್ತರನಿಗಿಂತ ಜಾಸ್ತಿ ಭಯ ಆಗಿದ್ದು ಅಲ್ಲೇ. ಇದು ದೆವ್ವದ್ದೋ, ಪುರಾಣದ್ದೋ, ಅಪ್ಪ ಮಗನ ಸಂಸಾರದ್ದೋ, ಬಿಡಿಸಿ ಹೇಳೋಕೆ ಬರಲ್ಲ.

ನಿಮ್ಮೂರಿನ ಪಕ್ಕದಲ್ಲೇ ಆನೆಗುಂದಿ. 2019ರ ಜುಲೈನಲ್ಲಿ ನವಬೃಂದಾವನ ನಡುಗಡ್ಡೆಗೆ ರಾತ್ರಿ ಹೋಗಿ, ನಿಧಿ ಸಿಗುತ್ತೆ ಅಂತ ವ್ಯಾಸರಾಜರ ಬೃಂದಾವನವನ್ನೇ ಕೆಡವಿ ಅಗೆದರಲ್ಲ, ನೆನಪಿದೆಯಾ? ಭಕ್ತರು ಸೇರಿ ಬೇಗ ಮತ್ತೆ ಕಟ್ಟಿದರು. ವಿನಾಯಕನ ಕೈಯಲ್ಲಿ ಹಗ್ಗ ನೋಡಿದಾಗ ನನಗೆ ಆ ರಾತ್ರಿಯೇ ಕಣ್ಣಿಗೆ ಬಂತು.

ಇನ್ನೊಂದು ಮಾತು. ಸಿನಿಮಾದಲ್ಲಿ ಮಳೆ ನಿಲ್ಲೋದೇ ಇಲ್ಲ. ನಾವು ಕೊಪ್ಪಳದವರು, ಮಳೆಗೆ ಆಕಾಶ ನೋಡೋ ಜನ. ಮಳೆ ಕಂಡು ಸಾಕಪ್ಪಾ ಅನಿಸಿದ್ದು ನನಗೆ ಅದೇ ಮೊದಲು.

ತಪ್ಪಿಲ್ಲ ಅಂತಲ್ಲ, ವಿನಾಯಕ ಪುಣೆಯಲ್ಲಿರೋ ಭಾಗ ಸ್ವಲ್ಪ ಎಳೆಯುತ್ತೆ.

ಅಜ್ಜಿಗೆ ಹಿಂದಿ ಬರಲ್ಲ ಅಂದಿದ್ದೀರಿ. ಮೇಲಿನ ಹಸ್ತರನ ಕಥೆ ಮೊದಲೇ ಹೇಳಿಬಿಡಿ, ಮುಂದಿನದು ಅವರೇ ನಿಮಗೆ ಬಿಡಿಸಿ ಹೇಳುತ್ತಾರೆ. ಚಿಕ್ಕ ಮಕ್ಕಳನ್ನ ಕೂರಿಸಬೇಡಿ. ಮೊಬೈಲಿನಲ್ಲೂ ಬೇಡ, ಅರ್ಧ ಸಿನಿಮಾ ಕತ್ತಲಲ್ಲೇ ಇದೆ. ಆಮೇಲೆ ಊಟ ಮುಗಿಸಿಯೇ ಕೂರಿ. ಸಿನಿಮಾ ನೋಡಿ ಬಂದ ರಾತ್ರಿ ನಮ್ಮನೇಲಿ ಚಪಾತಿಗೆ ಕಣಿಕ ನಾದಿಟ್ಟಿದ್ದರು. ನಾನು ಸುಮ್ನೆ ಎದ್ದು ಹೋಗಿ ಅನ್ನ ಬಡಿಸಿಕೊಂಡೆ.

ಸಂಪಾದಕ