ಬಂದರಿನ ಧಕ್ಕೆಯಲ್ಲಿ ಮೀನಿನ ಬುಟ್ಟಿ ಎಣಿಸುವವರು ಯಾರು? – ಮೀನು, ವನ್ಯಜೀವಿ ಸಂಶೋಧನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸಂಶೋಧನಾ ಸಂಸ್ಥೆಯವರು ಬಂದರಿಗೆ ಬಂದು ಕೆಲವೇ ಬೋಟುಗಳ ಬುಟ್ಟಿ ಎಣಿಸಿ, ಒಂದಷ್ಟು ಮೀನು ಅಳೆದು ಹೋಗುತ್ತಾರೆ. ಇಷ್ಟರಿಂದ ಇಡೀ ಕರಾವಳಿಯ ಲೆಕ್ಕ ಹೇಗೆ ಸಿಗುತ್ತದೆ? ಅದರಿಂದ ನಮಗೇನು ಪ್ರಯೋಜನ?
– ಬೋಟ್ ಮಾಲೀಕರು, ಮಲ್ಪೆ

ಉತ್ತರ: ಅವರು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು. 1947ರಲ್ಲಿ ಹುಟ್ಟಿದ ಈ ಸಂಸ್ಥೆಯ ಮುಖ್ಯ ಕಚೇರಿ ಕೊಚ್ಚಿಯಲ್ಲಿದೆ, ನಮ್ಮ ಭಾಗದ ಕೆಲಸ ಮಂಗಳೂರು ಕೇಂದ್ರದಿಂದ ನಡೆಯುತ್ತದೆ. ಯಾವತ್ತು ಬಂದರಿಗೆ ಬರಬೇಕೆಂಬುದು ಅವರ ಇಷ್ಟಕ್ಕೆ ಬಿಟ್ಟದ್ದಲ್ಲ. ತಿಂಗಳನ್ನು ಹತ್ತು ಹತ್ತು ದಿನಗಳ ಮೂರು ಭಾಗ ಮಾಡಿ, ಚೀಟಿ ಎತ್ತಿದ ಹಾಗೆ ದಿನ ಆರಿಸಿರುತ್ತಾರೆ. ಬೋಟುಗಳ ಸಂಖ್ಯೆಗೂ ನಿಯಮವಿದೆ. 15ರವರೆಗೆ ಬಂದರೆ ಎಲ್ಲವನ್ನೂ ನೋಡಬೇಕು. 20ರಿಂದ 29 ಬಂದರೆ ಎರಡಕ್ಕೊಂದು, 30ರಿಂದ 39 ಬಂದರೆ ಮೂರಕ್ಕೊಂದು, 40ರಿಂದ 49 ಬಂದರೆ ನಾಲ್ಕಕ್ಕೊಂದು, 50 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಐದಕ್ಕೊಂದು.

ಐದಕ್ಕೊಂದು ಎಂದರೆ ನಿಮ್ಮ ಬೋಟಿನ ಲೆಕ್ಕ ನಿಮ್ಮದೊಂದೇ ಅಲ್ಲ, ಪಕ್ಕದ ನಾಲ್ಕು ಬೋಟುಗಳದ್ದೂ ಹೌದು. ಫಿಶ್‌ಮೀಲ್‌ಗೆ (ಮೀನಿನ ಹುಡಿಗೆ) ಹೋಗುವ ಸಣ್ಣ ಮೀನು 200 ಕೆ.ಜಿ. ಇದೆಯೆಂದು ಬೋಟ್ ನಡೆಸುವ ತಾಂಡೇಲರು ಹೇಳದೆ ಬಿಟ್ಟರೆ, ಆ ದಿನದ ಲೆಕ್ಕದಲ್ಲಿ 1,000 ಕೆ.ಜಿ. ಮಾಯವಾಗುತ್ತದೆ. ಅದನ್ನು ತಿಂಗಳ ಉಳಿದ ದಿನಗಳಿಗೆ ಹಿಗ್ಗಿಸಿದಾಗ ತಪ್ಪು ಇನ್ನೂ ಬೆಳೆಯುತ್ತದೆ. ಮರಿಮೀನು ಎಷ್ಟು ಸಾಯುತ್ತಿದೆ ಎಂಬುದೇ ಈ ಲೆಕ್ಕದ ಜೀವಾಳ. ಹಾಗಾಗಿ ಇಲ್ಲಿ ಮುಚ್ಚಿಟ್ಟರೆ ನಷ್ಟ ಮೀನುಗಾರರಿಗೇ.

ಅಳತೆಯಲ್ಲೂ ಎಡವುವುದುಂಟು. ಬಂಗುಡೆಯನ್ನು ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಅಳೆಯಬೇಕು. ಐಸಿನಲ್ಲಿ ಸೆಟೆದು ಬಾಗಿದ ಮೀನನ್ನು ನೆಟ್ಟಗೆ ಮಾಡದೆ ಹಲಗೆಯ ಮೇಲಿಟ್ಟರೆ ಉದ್ದ ಕಮ್ಮಿ ಬರುತ್ತದೆ. ಅದಕ್ಕಿಂತ ದೊಡ್ಡ ತಪ್ಪೆಂದರೆ ಏಲಂಗೆ (ಹರಾಜಿಗೆ) ವಿಂಗಡಿಸಿದ ಬುಟ್ಟಿಯಿಂದ ಮೀನು ಎತ್ತಿಕೊಳ್ಳುವುದು. ಅಲ್ಲಿ ದೊಡ್ಡದು ದೊಡ್ಡದರ ಜೊತೆಗೇ ಇರುತ್ತದೆ. ಅಳೆಯುವವರು ಬಂದಾಗ ವಿಂಗಡಿಸದ ಬುಟ್ಟಿಯನ್ನೇ ಮುಂದಿಡಿ. ನೀವು ಮಾಡಬಹುದಾದ ಅತಿ ದೊಡ್ಡ ಉಪಕಾರ ಅದು.

ಇನ್ನು ಪ್ರಯೋಜನ. ಮೀನಿನ ಹೊಟ್ಟೆ ಸೀಳಿ ಮೊಟ್ಟೆ ಯಾವ ಹಂತದಲ್ಲಿದೆ ಎಂದು ನೋಡಿ, ಎಷ್ಟು ಉದ್ದಕ್ಕೆ ಅದು ಸಂತಾನಕ್ಕೆ ಬರುತ್ತದೆಂದು ತಿಳಿಯುತ್ತಾರೆ. ಹಿಡಿಯಬಹುದಾದ ಕನಿಷ್ಠ ಗಾತ್ರವನ್ನು ಬಂಗುಡೆಗೆ 14 ಸೆಂ.ಮೀ., ಬೂತಾಯಿಗೆ (ಸಾರ್ಡಿನ್) 10 ಸೆಂ.ಮೀ. ಎಂದು ಸಂಸ್ಥೆ ಸೂಚಿಸಿದ್ದು ಇಂಥ ಕೆಲಸದಿಂದಲೇ. ಕೇರಳ 2015ರಲ್ಲಿ 14 ಜಾತಿಗಳಿಗೆ ಇದನ್ನು ನಿಯಮ ಮಾಡಿತು. ನಮ್ಮಲ್ಲಿ ಇಂಥ ಆದೇಶ ಹೊರಡಿಸುವ ಅಧಿಕಾರ ರಾಜ್ಯದ್ದು, 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಕೆಳಗೆ. ಅಂದರೆ ಅಂಕಿ ಕೊಡುವುದು ಕೇಂದ್ರ ಸಂಸ್ಥೆ, ಆದೇಶ ಮಾಡುವುದು ರಾಜ್ಯದ ಇಲಾಖೆ. ನಡುವೆ ಬಿಡಿಬಿಡಿಯಾಗಿ ಆಳಕ್ಕಿಳಿದು ನೋಡಲು 1969ರಲ್ಲಿ ಶುರುವಾದ, ದೇಶದಲ್ಲೇ ಮೊದಲನೆಯದಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಇದೆ. ಈ ಮೂವರಲ್ಲಿ ಒಬ್ಬರು ಕೈಬಿಟ್ಟರೂ ಅಳತೆ ಹಲಗೆಯ ಮೇಲಿನ ಅಂಕಿ ಬಲೆಯ ಕಣ್ಣಿನವರೆಗೆ ತಲುಪುವುದಿಲ್ಲ.

ಪ್ರಶ್ನೆ: ಬಿ.ಎಸ್ಸಿ. ಮಕ್ಕಳೊಂದಿಗೆ ಸೀತಾನದಿಯ ಮೀನುಗಳ ಅಧ್ಯಯನ ಮಾಡಬೇಕೆಂದಿದ್ದೇವೆ. ಸ್ವಲ್ಪ ಭಾಗ ಸೋಮೇಶ್ವರ ಅಭಯಾರಣ್ಯದೊಳಗೆ ಬರುತ್ತದೆ. ಯಾರ ಅನುಮತಿ ಬೇಕು? ಮಾದರಿ ಹೇಗೆ ತೆಗೆಯಬೇಕು?
– ಪ್ರಾಣಿಶಾಸ್ತ್ರ ಉಪನ್ಯಾಸಕರು, ಉಡುಪಿ

ಉತ್ತರ: ಅಭಯಾರಣ್ಯದ ಗಡಿಯನ್ನು ಮೊದಲು ನಕ್ಷೆಯಲ್ಲಿ ಗುರುತಿಸಿಕೊಳ್ಳಿ. ಹೊರಗಿನ ಭಾಗಕ್ಕೆ ಜಿಲ್ಲೆಯ ಮೀನುಗಾರಿಕೆ ಇಲಾಖೆಗೆ ಬರೆದು ಕೇಳಿ. ಒಳಗಿನದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಬೇಕು. ಅರ್ಜಿ ಕಾರ್ಕಳದ ಕುದುರೆಮುಖ ವನ್ಯಜೀವಿ ವಿಭಾಗದ ಮೂಲಕ ಹೋಗಲಿ. ಈ ಪರವಾನಗಿ ಒಳಹೋಗಿ ಅಧ್ಯಯನ ಮಾಡಲು, ಫೋಟೊ ತೆಗೆಯಲು ಮಾತ್ರ. ಅಲ್ಲಿಂದ ಜೀವಿಯನ್ನು ಹೊರತರುವುದು 29ನೇ ಸೆಕ್ಷನ್ನಿನ ವಿಷಯ. ಅಲ್ಲಿನ ವನ್ಯಜೀವಿಗಳ ನಿರ್ವಹಣೆ ಸುಧಾರಿಸಲು ಅದು ಅಗತ್ಯವೆಂದು ಸರ್ಕಾರಕ್ಕೆ ಮನವರಿಕೆಯಾಗದೆ ಒಪ್ಪಿಗೆ ಸಿಗದು. ಪದವಿ ತರಗತಿಯ ಅಧ್ಯಯನಕ್ಕೆ ಅದರ ಅಗತ್ಯವೂ ಇಲ್ಲ. ಒಳಗೆ ನೋಡಿ, ಎಣಿಸಿ, ಫೋಟೊ ತೆಗೆಯಿರಿ. ಮಾದರಿಯನ್ನು ಹೊರಗಿನ ಭಾಗದಿಂದ ತೆಗೆಯಿರಿ.

ಮಳೆಗಾಲದಲ್ಲಿ ಹೊಳೆಗೆ ಇಳಿಯುವಂತಿಲ್ಲ, ಕಾಗದಪತ್ರಕ್ಕೆ ಅದೇ ಸುಸಮಯ. ಜೂನ್‌ನಲ್ಲಿ ಅರ್ಜಿ ಹಾಕಿ, ನೀರು ತಿಳಿಯಾಗುವ ನವೆಂಬರ್‌ಗೆ ಕೆಲಸ ಇಟ್ಟುಕೊಳ್ಳಿ. ಅರ್ಜಿಯಲ್ಲಿ ಜಾಗ, ದಿನ, ಬಲೆಯ ಕಣ್ಣಿನ ಅಳತೆ, ಜಾತಿಗೆ ಎಷ್ಟು ಮೀನು, ಯಾರು ಯಾರು ಬರುತ್ತಾರೆ ಎಲ್ಲವೂ ಇರಲಿ. 'ಅಗತ್ಯವಿದ್ದಷ್ಟು' ಎಂದು ಬರೆದ ಅರ್ಜಿ ವಿವರಣೆ ಕೇಳಿಕೊಂಡು ವಾಪಸ್ ಬರುತ್ತದೆ.

ಮಾದರಿಯ ವಿಷಯದಲ್ಲಿ ಹೆಚ್ಚಿನವರು ತಪ್ಪುವುದು ಮೀನು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದ ಬಾಟಲಿಯ ಹತ್ತಿರ. ಆಕಾರ ನೋಡಿ ಜಾತಿ ಗುರುತಿಸಲು ಶೇ 10ರ ಫಾರ್ಮಲಿನ್ ಸರಿ, ಆದರೆ ಅದರಲ್ಲಿ ಬಿದ್ದ ಮೀನಿನ ಡಿಎನ್‌ಎ ಹಾಳಾಗುತ್ತದೆ. ಆದ್ದರಿಂದ ಫಾರ್ಮಲಿನ್ ತೆರೆಯುವ ಮೊದಲೇ ರೆಕ್ಕೆಯ ಚೂರೊಂದನ್ನು ಕತ್ತರಿಸಿ, ಶೇ 95ರ ಎಥನಾಲ್‌ಗೆ ಹಾಕಿ. ಚೂರಿನ ಗಾತ್ರದ ಹತ್ತು ಪಟ್ಟಾದರೂ ಎಥನಾಲ್ ಇರಲಿ. ಮರುದಿನ ಅದನ್ನು ಚೆಲ್ಲಿ ಹೊಸದು ತುಂಬಿ, ಏಕೆಂದರೆ ಮಾಂಸದ ನೀರು ಬಿಟ್ಟು ಎಥನಾಲ್ ತೆಳುವಾಗಿರುತ್ತದೆ. ಚೀಟಿಯನ್ನು ದಪ್ಪ ಕಾಗದದಲ್ಲಿ, ಪೆನ್ಸಿಲಿನಲ್ಲೇ ಬರೆದು ಬಾಟಲಿಯ ಒಳಗೆ ಹಾಕಿ. ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗಿಹೋದರೆ ಉಳಿಯುವುದು ಎಲ್ಲಿಯದೆಂದು ಗೊತ್ತಿಲ್ಲದ ಒಂದು ಚೂರು ರೆಕ್ಕೆ ಅಷ್ಟೆ. ವಾಪಸ್ ಬಿಡುವ ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಿರಿ. ಒಣ ಕೈಗೆ ಮೈಯ ಲೋಳೆ ಅಂಟಿಬಂದರೆ ಆ ಮೀನಿಗೆ ಸೋಂಕು ತಗಲುತ್ತದೆ.

ಮಾದರಿಯನ್ನು ವಿದೇಶದ ಪ್ರಯೋಗಾಲಯಕ್ಕೆ ಕಳಿಸುವ ಯೋಚನೆಯಿದ್ದರೆ, ಅದು 2002ರ ಜೀವವೈವಿಧ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವನ್ನು ಕೇಳದೆ ಮುಂದುವರಿಯಬೇಡಿ.

ಪ್ರಶ್ನೆ: ವಿಶ್ವವಿದ್ಯಾಲಯ ಮತ್ತು ಇಲಾಖೆಯ ನಡುವೆ ಒಪ್ಪಂದಕ್ಕೆ ಸಹಿಯಾಗಿ ವರ್ಷ ಕಳೆದರೂ ಕೆಲಸ ಶುರುವಾಗದ ಉದಾಹರಣೆಗಳು ಬೇಕಾದಷ್ಟಿವೆ. ಒಪ್ಪಂದದಲ್ಲಿ ಏನಿರಬೇಕು?
– ಸಂಶೋಧನಾ ವಿದ್ಯಾರ್ಥಿನಿ, ಕೊಣಾಜೆ

ಉತ್ತರ: ಇದಕ್ಕೊಂದು ಮಾದರಿಯಿದೆ: ಅಮೆರಿಕದ ಅಯೋವಾ ರಾಜ್ಯದಲ್ಲಿ 1932ರಲ್ಲಿ ಶುರುವಾದ ವನ್ಯಜೀವಿ ಸಂಶೋಧನೆಯ ಒಂದು ವ್ಯವಸ್ಥೆ ಇಂದಿಗೂ ನಡೆಯುತ್ತಿದೆ. ಜೇ ಡಾರ್ಲಿಂಗ್ ಎಂಬ ವ್ಯಂಗ್ಯಚಿತ್ರಕಾರರು ಕೃಷಿ ಕಾಲೇಜು ಮತ್ತು ರಾಜ್ಯದ ಇಲಾಖೆಯನ್ನು ಕೂಡಿಸಿ ಅದನ್ನು ಕಟ್ಟಿದರು. 1935ರಲ್ಲಿ ಅದು ಬೇರೆ ರಾಜ್ಯಗಳಿಗೂ ಹರಡಿತು, 1960ರಲ್ಲಿ ಕಾನೂನಿನ ಬಲ ಸಿಕ್ಕಿತು. ಅಲ್ಲಿ ವಿಜ್ಞಾನಿ ಕೇಂದ್ರ ಸರ್ಕಾರದ ನೌಕರ, ಆದರೆ ಕೂರುವುದು ವಿಶ್ವವಿದ್ಯಾಲಯದಲ್ಲಿ, ಅಲ್ಲಿನ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುತ್ತಾನೆ. ರಾಜ್ಯದ ಇಲಾಖೆ ತನಗೆ ಉತ್ತರ ಬೇಕಾದ ಪ್ರಶ್ನೆಯನ್ನು ಮುಂದಿಡುತ್ತದೆ, ಹಣವನ್ನೂ ಕೊಡುತ್ತದೆ. ನಾವು ಕಲಿಯಬೇಕಾದ್ದು ಇದನ್ನೇ. ಪ್ರಶ್ನೆ ಇಲಾಖೆಯದ್ದೇ ಆಗಿದ್ದರೆ ವರದಿಗಾಗಿ ಇಲಾಖೆಯೇ ಕಾಯುತ್ತದೆ.

ಒಪ್ಪಂದದಲ್ಲಿ ಅಧಿಕಾರಿಯ ಹೆಸರಲ್ಲ, ಹುದ್ದೆ ಬರೆಯಿರಿ. ಹೆಸರಿದ್ದರೆ ವರ್ಗಾವಣೆಯ ದಿನವೇ ಒಪ್ಪಂದ ಅನಾಥವಾಗುತ್ತದೆ. ದತ್ತಾಂಶ ಯಾರದ್ದು, ಎಷ್ಟು ತಿಂಗಳೊಳಗೆ ಹಂಚಬೇಕು, ಪ್ರಬಂಧ ಪ್ರಕಟಿಸಲು ಯಾರ ಒಪ್ಪಿಗೆ ಎಷ್ಟು ದಿನದಲ್ಲಿ ಬರಬೇಕು ಎಂಬುದು ಸ್ಪಷ್ಟವಾಗಿರಲಿ. ಹಣದ ಕಂತು ಅತಿ ಮುಖ್ಯ. ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಯಾಂತ್ರೀಕೃತ ಮೀನುಗಾರಿಕೆಯ ಋತು ಜೂನ್–ಜುಲೈ ನಿಷೇಧ ಕಳೆದು ಆಗಸ್ಟ್‌ಗೆ ಶುರುವಾಗುತ್ತದೆ. ಮೊದಲ ಕಂತು ಡಿಸೆಂಬರ್‌ನಲ್ಲಿ ಬಂದರೆ ಅರ್ಧ ಋತುವೇ ಕೈತಪ್ಪಿದಂತೆ. ಹಣ ಹೇಗೆ ಖರ್ಚಾಯಿತೆಂದು ತೋರಿಸುವ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನ ಕಂತು ಬರುವುದಿಲ್ಲ, ಕೊನೆಗೆ ಸಂಬಳ ನಿಲ್ಲುವುದು ಸಂಶೋಧನಾ ಸಹಾಯಕರದ್ದು. ಇದು ಅನ್ಯಾಯ. ಅವರ ಸಂಬಳಕ್ಕೆ ಆರು ತಿಂಗಳ ಹಣವನ್ನು ಮುಂಗಡವಾಗಿ ಇಡಬೇಕೆಂದು ಒಪ್ಪಂದದಲ್ಲೇ ಬರೆಸಿ.

ಪ್ರಶ್ನೆ: ಕಡಲಾಮೆಯ ಗೂಡು ಕಂಡರೆ ಕಾಲೇಜಿನವರು ಅದರೊಳಗೆ ಉಷ್ಣಮಾಪಕ ಇಡಬಹುದೇ?
– ಓದುಗರು, ಮರವಂತೆ

ಉತ್ತರ: ಬೇಡ. ಸರೀಸೃಪದ ಮೊಟ್ಟೆ ಅಥವಾ ಗೂಡನ್ನು ಕದಡುವುದೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಯೇ, ಕಡಲಾಮೆ ಅತಿ ಹೆಚ್ಚು ರಕ್ಷಣೆಯಿರುವ ಮೊದಲನೇ ಅನುಸೂಚಿಯ ಪ್ರಾಣಿ. ಮೊಟ್ಟೆಯೊಳಗಿನ ಭ್ರೂಣ ಬೇಗನೆ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಮೊಟ್ಟೆ ಉರುಳಿದರೆ ಅದು ಸಾಯುತ್ತದೆ. ಮೊದಲು ಅರಣ್ಯ ಇಲಾಖೆಗೆ ತಿಳಿಸಿ. ಮರಳಿನ ಬಿಸಿ ತಿಳಿಯುವುದು ಮುಖ್ಯವೇ, ಏಕೆಂದರೆ ಬಿಸಿ ಹೆಚ್ಚಿದಷ್ಟು ಹೆಣ್ಣು ಮರಿಗಳು ಹೆಚ್ಚುತ್ತವೆ. ಅದಕ್ಕೆ ಇಲಾಖೆಯ ಲಿಖಿತ ಒಪ್ಪಿಗೆ ಪಡೆದು, ಗೂಡಿನಿಂದ ದೂರ, ಕಡಲಿನಿಂದ ಅಷ್ಟೇ ಅಂತರದಲ್ಲಿ, ಸುಮಾರು 45 ಸೆಂ.ಮೀ. ಆಳದ ಬೇರೆ ಗುಂಡಿಯಲ್ಲಿ ಮಾಪಕ ಇಡಿ. ಮರಿಗಳು ಹೊರಬರಲು 45ರಿಂದ 60 ದಿನ ಬೇಕು. ಅಷ್ಟು ದಿನವೂ ದಾಖಲಿಸುವಷ್ಟು ಬ್ಯಾಟರಿ ಅದರಲ್ಲಿದೆಯೇ ಎಂದು ಹೂಳುವ ಮುನ್ನವೇ ನೋಡಿಕೊಳ್ಳಿ.