30 ಸಾವಿರಕ್ಕೆ ಸಿಗುವ ರೆಡಿಮೇಡ್ ಅಫಿಲಿಯೇಟ್ ವೆಬ್‌ಸೈಟ್ ಕೊಳ್ಳಬಹುದೇ?

30 ಸಾವಿರಕ್ಕೆ ರೆಡಿಮೇಡ್ ಅಫಿಲಿಯೇಟ್ ಸೈಟು, ಅಂದರೆ ಬೇರೆಯವರ ಸಾಮಾನಿಗೆ ಕೊಂಡಿ ಹಾಕಿ ಮಾರಾಟವಾದಾಗ ಕಮಿಷನ್ ಪಡೆಯುವ ಸೈಟು ಮಾರುತ್ತಿದ್ದಾರೆ, ಯಾವ ಪ್ಯಾಕೇಜ್ ಒಳ್ಳೆಯದು ಅಂತ ಕೇಳಿ ಬರೆದಿದ್ದೀರಿ. 40 ಲೇಖನ, ಲೋಗೋ, ಒಂದು ವರ್ಷದ ಹೋಸ್ಟಿಂಗ್ (ಸೈಟು ಇಡಲು ಸರ್ವರಿನಲ್ಲಿ ಬಾಡಿಗೆ ಜಾಗ), ಮೇಲೆ 'ನಿಮ್ಮ ಟ್ಯಾಗ್ ಹಾಕಿದರೆ ಸಾಕು, ದುಡ್ಡು ಬರುತ್ತೆ' ಅನ್ನೋ ಮಾತು. ಟ್ಯಾಗ್ ಅಂದರೆ ಗ್ರಾಹಕ ನಿಮ್ಮ ಕಡೆಯಿಂದ ಬಂದ ಅಂತ ತಿಳಿಸಲು ಕೊಂಡಿಯಲ್ಲಿ ಸೇರಿಸುವ ಗುರುತು. ನೀವು ಹೇಳಿದ ಪ್ಯಾಕೇಜನ್ನೇ ಹೆಚ್ಚುಕಡಿಮೆ ನಾನೂ ಕೊಂಡಿದ್ದೆ. ನಿಮಗೆ ತೋರಿಸಿರೋದು ಯೋಗ ಮ್ಯಾಟ್ ಸೈಟು, ನನಗೆ ಸಿಕ್ಕಿದ್ದು ವೆಟ್ ಗ್ರೈಂಡರ್ ಸೈಟು. ಹೋಳಿಗೆ ಬೇರೆ, ಹೂರಣ ಒಂದೇ.

ಸೈಟು ಕೈಗೆ ಬಂದದ್ದು ಜೂನ್ 2ಕ್ಕೆ. ಜೊತೆಯಲ್ಲಿದ್ದ ಪಿಡಿಎಫ್‌ನ ಮೊದಲ ಸಾಲು: 'ಇವತ್ತೇ ಅಮೆಜಾನ್ ಅಸೋಸಿಯೇಟ್ಸ್ ಖಾತೆ ತೆರೆಯಿರಿ.' ತೆರೆದೆ. ಕೆಟ್ಟದ್ದು ಅಲ್ಲೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪ್ಯಾಕೇಜ್ ಮಾರುವವರು ಇದನ್ನು ಹೇಳುವುದಿಲ್ಲ. ಅಸೋಸಿಯೇಟ್ಸ್ ಅಂದರೆ ಅಮೆಜಾನ್‌ನ ಅಫಿಲಿಯೇಟ್ ಯೋಜನೆ. ಅದರ ಖಾತೆಗೆ ಅರ್ಜಿ ಹಾಕಿದ ದಿನದಿಂದ 180 ದಿನದ ಲೆಕ್ಕ ಶುರುವಾಗುತ್ತದೆ. ಅಷ್ಟರೊಳಗೆ ನಿಮ್ಮ ಕೊಂಡಿಯಿಂದ ಕನಿಷ್ಠ 3 ಅರ್ಹ ಮಾರಾಟ ಆಗಬೇಕು, ಇಲ್ಲದಿದ್ದರೆ ಖಾತೆ ಮುಚ್ಚುತ್ತದೆ. ಇದು ಮುಚ್ಚುಮರೆಯ ಷರತ್ತಲ್ಲ, ನಿಯಮಗಳಲ್ಲೇ ಬರೆದಿದೆ, ಓದದೇ ಇದ್ದದ್ದು ನಾನು. ಜೂನ್ 2ಕ್ಕೆ 180 ದಿನ ಸೇರಿಸಿದರೆ ನವೆಂಬರ್ 29. ಆರು ತಿಂಗಳಲ್ಲಿ ಮೂರು ಮಾರಾಟ ಯಾವ ಲೆಕ್ಕ ಅನ್ನಿಸುತ್ತದೆ. ಆದರೆ ಹೊಸ ಡೊಮೇನಿನ (ಸೈಟಿನ ವಿಳಾಸದ) ಆರು ತಿಂಗಳು ಅಂದರೆ ಊರಾಚೆ ಬೋರ್ಡಿಲ್ಲದ ಅಂಗಡಿ ತೆರೆದ ಹಾಗೆ. 'ಬೆಸ್ಟ್ ವೆಟ್ ಗ್ರೈಂಡರ್' ಅಂತ ಹುಡುಕಿದರೆ ಮೊದಲ ಪುಟದಲ್ಲಿ ಅಮೆಜಾನ್ ಇದೆ, ಫ್ಲಿಪ್‌ಕಾರ್ಟ್ ಇದೆ, ಯೂಟ್ಯೂಬ್ ಇದೆ, ಪತ್ರಿಕೆಗಳ ಶಾಪಿಂಗ್ ಪುಟಗಳಿವೆ. ನನ್ನ ಸೈಟಿಗೆ ದಿನಕ್ಕೆ ಹತ್ತು ಜನ ಬರಲಿಕ್ಕೆ ಶುರುವಾದದ್ದೇ ಅಕ್ಟೋಬರಿನಲ್ಲಿ. ಅಂದರೆ 180ರಲ್ಲಿ 120 ದಿನ ಯಾರೂ ಇಲ್ಲದೆ ಕಳೆದಿತ್ತು.

ಇನ್ನು 'ಅರ್ಹ' ಅನ್ನೋ ಪದ. ನಿಮ್ಮ ಕೊಂಡಿಯಿಂದ ನೀವೇ ಕೊಂಡರೆ ಅದು ಲೆಕ್ಕಕ್ಕಿಲ್ಲ. ಮನೆಯವರ ಕೈಲಿ, ಸ್ನೇಹಿತರ ಕೈಲಿ ಕೊಳ್ಳಿಸುವುದು ನಿಯಮಕ್ಕೇ ವಿರುದ್ಧ, ಸಿಕ್ಕಿಬಿದ್ದರೆ ಅರ್ಜಿಯೇ ತಿರಸ್ಕೃತ. ಸಾಮಾನು ವಾಪಸಾದರೆ ಕಮಿಷನ್ನೂ ವಾಪಸ್. ಕೊಂಡಿ ಒತ್ತಿದ ಮೇಲೆ 24 ಗಂಟೆಯೊಳಗೆ ಗ್ರಾಹಕ ಕೊಳ್ಳಬೇಕು, ಇಲ್ಲವೇ ಕಾರ್ಟಿಗಾದರೂ ಹಾಕಿರಬೇಕು. ಐದಾರು ಸಾವಿರದ ಗ್ರೈಂಡರನ್ನು ಯಾರೂ ನೋಡಿದ ದಿನವೇ ಕೊಳ್ಳುವುದಿಲ್ಲ. ಮನೆಯಲ್ಲಿ ಕೇಳಿ, ಅಂಗಡಿಯಲ್ಲಿ ಮುಟ್ಟಿ ನೋಡಿ, ಮುಂದಿನ ವಾರ ಇನ್ನೆಲ್ಲಿಂದಲೋ ಕೊಳ್ಳುತ್ತಾರೆ. ನನಗಾದದ್ದು ಎರಡು ಮಾರಾಟ, ಅದರಲ್ಲೊಂದು ವಾಪಸ್. ನವೆಂಬರ್ ಕೊನೆಗೆ ಖಾತೆ ಹೋಯಿತು, ಟ್ಯಾಗ್ ಸತ್ತಿತು. ಸೈಟಿನ 40 ಲೇಖನಗಳಲ್ಲಿ ಒಂದೊಂದರಲ್ಲೂ ಐದಾರು ಕಡೆ ಆ ಸತ್ತ ಟ್ಯಾಗೇ ಕೂತಿತ್ತು.

ಮಾಡಬೇಕಿದ್ದದ್ದು ಇಷ್ಟೇ: ಮೊದಲ ಆರೇಳು ತಿಂಗಳು ಅಫಿಲಿಯೇಟ್ ಕೊಂಡಿಯೇ ಇಲ್ಲದೆ ಸೈಟನ್ನು ಬಿಡುವುದು. ಗೂಗಲ್ ಹುಡುಕಾಟದಿಂದ ಸೈಟಿಗೆ ಬಂದವರ ಲೆಕ್ಕ ತೋರಿಸುವ ಗೂಗಲ್ ಸರ್ಚ್ ಕನ್ಸೋಲಿನಲ್ಲಿ ದಿನಾ ಎಷ್ಟು ಕ್ಲಿಕ್ಕು, ಯಾವ ಪದಕ್ಕೆ ಅಂತ ನೋಡುತ್ತಿರುವುದು. 'ಗ್ರೈಂಡರ್ ಕಲ್ಲು ತೊಳೆಯೋದು ಹೇಗೆ' ಅಂತ ಬರುವವರು ಈಗಾಗಲೇ ಕೊಂಡವರು, ಅವರಿಂದ ಮಾರಾಟವಿಲ್ಲ. 'ಟಿಲ್ಟಿಂಗ್ ಒಳ್ಳೇದಾ, ಟೇಬಲ್ ಟಾಪ್ ಒಳ್ಳೇದಾ' ಅನ್ನುವಂಥ, ಕೊಳ್ಳುವ ಮನಸ್ಸಿರುವ ಹುಡುಕಾಟದಿಂದ ದಿನಕ್ಕೆ 30–40 ಜನ ಬರುವಾಗ ಅರ್ಜಿ ಹಾಕಿದರೆ ಮೂರು ಮಾರಾಟಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು ಸಾಕು. ಮೂರಾದ ಮೇಲೆ ಅಮೆಜಾನ್‌ನವರು ಸೈಟನ್ನು ಪರಿಶೀಲಿಸುತ್ತಾರೆ. ಎಲ್ಲೆಲ್ಲಿಂದಲೋ ಎತ್ತಿದ ಬರಹವಿದ್ದರೆ ಅಲ್ಲೂ ಬೀಳಬಹುದು.

ಖಾತೆ ಹೋದ ಮೇಲೆ ಮತ್ತೆ ಅರ್ಜಿ ಹಾಕಬಹುದು, ಹೊಸ ಟ್ಯಾಗ್ ಸಿಗುತ್ತದೆ. ಆದರೆ ಹಳೇ ಟ್ಯಾಗ್ ಬದಲಿಸುವುದು ನೋಡಿದಷ್ಟು ಸುಲಭವಲ್ಲ. ಇಂಥ ಸೈಟು ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ ಕೊಂಡಿಗಳು ಲೇಖನದೊಳಗೆ ಮಾತ್ರ ಇರುವುದಿಲ್ಲ, ವಿಜೆಟ್‌ನಲ್ಲಿ (ಪುಟದ ಬದಿಯ ಚೌಕ), ಹೋಲಿಕೆ ಪಟ್ಟಿ ತೋರಿಸುವ ಪ್ಲಗಿನ್‌ನ (ಜೋಡಿಸುವ ಪುಟ್ಟ ತಂತ್ರಾಂಶ) ಸೆಟ್ಟಿಂಗ್‌ನಲ್ಲಿ, ಥೀಮಿನ (ಸೈಟಿನ ವಿನ್ಯಾಸ) ಬಟನ್‌ನಲ್ಲಿ ಎಲ್ಲಾ ಇರುತ್ತವೆ. ಸೆಟ್ಟಿಂಗ್‌ಗಳನ್ನು ವರ್ಡ್‌ಪ್ರೆಸ್ ಡೇಟಾಬೇಸಿನಲ್ಲಿ ಪಿಎಚ್‌ಪಿ ಸೀರಿಯಲೈಸ್ ಮಾಡಿ ಇಡುತ್ತದೆ, ಅಂದರೆ ಪ್ರತಿ ಪದದ ಪಕ್ಕ ಅದರ ಉದ್ದವನ್ನೂ ಬರೆದಿಟ್ಟಿರುತ್ತದೆ. ಹಳೇ ಟ್ಯಾಗ್ 14 ಅಕ್ಷರ, ಹೊಸದು 16 ಅಕ್ಷರ ಅಂತಿಟ್ಟುಕೊಳ್ಳಿ. ಡೇಟಾಬೇಸಿಗೆ ನೇರವಾಗಿ ಎಸ್‌ಕ್ಯೂಎಲ್ ಕಮಾಂಡ್ ಕೊಟ್ಟು ಬದಲಿಸಿದರೆ ಲೆಕ್ಕ ತಪ್ಪಿ ಆ ಇಡೀ ಸೆಟ್ಟಿಂಗ್ ಓದಲಾಗದೆ ಹೋಗುತ್ತದೆ, ಸೈಡ್‌ಬಾರ್ ಖಾಲಿ ಕಾಣುತ್ತದೆ. 'ಬೆಟರ್ ಸರ್ಚ್ ರಿಪ್ಲೇಸ್' ಪ್ಲಗಿನ್ ಅಥವಾ ಡಬ್ಲ್ಯೂಪಿ-ಸಿಎಲ್‌ಐ (ವರ್ಡ್‌ಪ್ರೆಸ್‌ಗೆ ಕಮಾಂಡ್ ಕೊಡುವ ಸಾಧನ) ಬಳಸಿ, ಅವು ಉದ್ದವನ್ನೂ ಸರಿಮಾಡುತ್ತವೆ. ಮೊದಲು ಬ್ಯಾಕಪ್, ಆಮೇಲೆ 'ಡ್ರೈ ರನ್' (ಏನೂ ಬದಲಿಸದೆ ಎಲ್ಲೆಲ್ಲಿ ಬದಲಾದೀತು ಅಂತ ತೋರಿಸುವ ಪರೀಕ್ಷೆ), ಕೊನೆಗೆ ನಿಜವಾದ ಬದಲಾವಣೆ. ಮುಗಿದ ಮೇಲೆ ಪುಟದ ಸೋರ್ಸ್ ತೆರೆದು 'tag=' ಅನ್ನುವ ಕಡೆಯೆಲ್ಲ ಏನಿದೆ ನೋಡಿ. ಭಾರತದ ಟ್ಯಾಗ್ -21ರಿಂದ ಮುಗಿಯುತ್ತದೆ, ಅಮೆರಿಕದ್ದು -20ರಿಂದ. ನನ್ನ ಸೈಟಿನ ಸೈಡ್‌ಬಾರಿನಲ್ಲಿ ಮಾರಿದವರ ಡೆಮೊ ಟ್ಯಾಗೇ ಉಳಿದಿತ್ತು. ಅಲ್ಲಿಂದ ಯಾರಾದರೂ ಕೊಂಡಿದ್ದರೆ ಕಮಿಷನ್ ಅವರಿಗೆ.

ಈಗ 'ಯಾವ ಪ್ಯಾಕೇಜ್ ಒಳ್ಳೆಯದು' ಅನ್ನೋ ನಿಮ್ಮ ಪ್ರಶ್ನೆ. ಆ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಪ್ಯಾಕೇಜಿನಲ್ಲಿ ಸಿಗುವುದು ಏನೇನು ನೋಡಿ. ಡೊಮೇನ್ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಶೇರ್ಡ್ ಹೋಸ್ಟಿಂಗ್ ಮೊದಲ ವರ್ಷ ಎರಡು-ಮೂರು ಸಾವಿರ, ನವೀಕರಿಸುವಾಗ ದುಪ್ಪಟ್ಟೋ ಮುಪ್ಪಟ್ಟೋ. ವರ್ಡ್‌ಪ್ರೆಸ್ ಪುಕ್ಕಟೆ. ಜನರೇಟ್‌ಪ್ರೆಸ್, ಕ್ಯಾಡೆನ್ಸ್, ಆಸ್ಟ್ರಾ ಥೀಮುಗಳ ಉಚಿತ ಆವೃತ್ತಿಯೇ ಇಂಥ ಸೈಟಿಗೆ ಧಾರಾಳ. ಒಂದು ಭಾನುವಾರ ಕೂತರೆ ಸಂಜೆ ಕಾಫಿ ಹೊತ್ತಿಗೆ ಸೈಟು ನಿಂತಿರುತ್ತದೆ. 'ಪ್ರೀಮಿಯಂ ಥೀಮ್ ಉಚಿತ' ಅಂತ ಅವರು ಕೊಡುವುದು ಒಂದೋ ಅವರ ಲೈಸೆನ್ಸಿನ ಮೇಲೆ ಓಡುವಂಥದ್ದು, ಅವರು ಕೀ ತೆಗೆದರೆ ಅಪ್‌ಡೇಟ್ ನಿಂತಿತು. ಇಲ್ಲವೇ 'ನಲ್ಡ್' ಪ್ರತಿ (ಲೈಸೆನ್ಸ್ ಒಡೆದ ಕಳ್ಳ ಪ್ರತಿ), ಅದರೊಳಗೆ ಯಾರ ಜಾಹೀರಾತು ಕೋಡ್ ಅಡಗಿದೆಯೋ ಅದನ್ನು ಹಾಕಿದವರಿಗೇ ಗೊತ್ತು. ಹಾಗಾಗಿ ಉಳಿದ 25 ಸಾವಿರವನ್ನು ನೀವು ಕೊಡುತ್ತಿರುವುದು ಆ 40 ಲೇಖನಗಳಿಗೆ.

ಆ ಲೇಖನಗಳು ಹೇಗಿರುತ್ತವೆ? ಮಾದರಿಗೆ ಕಳಿಸಿದ ಸೈಟಿನಿಂದ ಎಂಟತ್ತು ಪದದ ಒಂದು ಸಾಲನ್ನು ಎತ್ತಿ, ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್‌ನಲ್ಲಿ ಹುಡುಕಿ. ಅದೇ ಸಾಲು ಇನ್ನೂ ನಾಲ್ಕು ಡೊಮೇನಿನಲ್ಲಿ ಕಂಡರೆ ಅದೇ ಸರಕನ್ನು ನಿಮಗಿಂತ ಮೊದಲು ಕೊಂಡವರಿದ್ದಾರೆ ಅಂತ ಅರ್ಥ. ಬೇರೆಲ್ಲೂ ಕಾಣದಿದ್ದರೆ ಖುಷಿಪಡಬೇಡಿ, ಎಐ ಕೈಲಿ ಬರೆಸಿದ್ದೂ ಹಾಗೇ ಬೇರೆಲ್ಲೂ ಕಾಣುವುದಿಲ್ಲ. ನನಗೆ ಸಿಕ್ಕ ಒಂದು ಲೇಖನದಲ್ಲಿ ವೆಟ್ ಗ್ರೈಂಡರ್‌ನಲ್ಲಿ ಕಾಫಿ ಬೀಜ ಪುಡಿ ಮಾಡುವ ಸಲಹೆ ಇತ್ತು. ಗುಂಡುಕಲ್ಲು ಕಂಡವರು ಬರೆಯುವ ಮಾತಾ ಇದು?

ಗೂಗಲ್ ಇದನ್ನೆಲ್ಲ ಬಹಳ ದಿನದಿಂದ ಜರಡಿ ಹಿಡಿಯುತ್ತಿದೆ. 2021ರ ಏಪ್ರಿಲ್‌ನಲ್ಲಿ ಪ್ರಾಡಕ್ಟ್ ರಿವ್ಯೂ ಅಪ್‌ಡೇಟ್ (ಫಲಿತಾಂಶಗಳ ಕ್ರಮ ಹಾಕುವ ರೀತಿಯಲ್ಲಿ ಬದಲಾವಣೆ) ಬಂತು, 2022ರ ಆಗಸ್ಟ್‌ನಲ್ಲಿ ಹೆಲ್ಪ್‌ಫುಲ್ ಕಂಟೆಂಟ್ ಅಪ್‌ಡೇಟ್. 2023ರ ಸೆಪ್ಟೆಂಬರ್‌ನದ್ದರಲ್ಲಿ ಕೈಯಾರೆ ಬರೆದ ಎಷ್ಟೋ ಸಣ್ಣ ಸೈಟುಗಳೂ ನೆಲಕಚ್ಚಿದವು. 2024ರ ಮಾರ್ಚ್‌ನಲ್ಲಿ ಸ್ಪ್ಯಾಮ್ ನಿಯಮಗಳಿಗೆ ಮೂರು ಹೊಸ ಅಪರಾಧ ಸೇರಿದವು, ಅದರಲ್ಲಿ ಎರಡು ಇಲ್ಲಿಗೆ ಸಂಬಂಧಿಸಿದವು: ರಾಶಿರಾಶಿಯಾಗಿ ಬರಹ ತಯಾರಿಸಿ ಸುರಿಯುವುದು, ಬೇರೊಬ್ಬರು ಬಿಟ್ಟುಹೋದ ಹಳೇ ಡೊಮೇನನ್ನು ಅದರ ಹೆಸರಿನ ಬಲಕ್ಕಾಗಿ ಕೊಂಡು ಸಂಬಂಧವಿಲ್ಲದ್ದನ್ನು ತುಂಬುವುದು. 'ಏಜ್ಡ್ ಡೊಮೇನ್' ಅಂತ ಐದು ಸಾವಿರ ಹೆಚ್ಚಿಗೆ ಕೇಳುತ್ತಾರಲ್ಲ, ಅದು ಈ ಎರಡನೆಯದರ ಬಾಗಿಲಿಗೇ ಒಯ್ಯುತ್ತದೆ. ಹಳೇ ವೆಬ್ ಪುಟಗಳನ್ನು ಕಾಪಿಟ್ಟಿರುವ ವೇಬ್ಯಾಕ್ ಮಷಿನ್‌ನಲ್ಲಿ ಆ ಡೊಮೇನ್ ಹಾಕಿ ನೋಡಿ, ಯಾವುದೋ ಶಾಲೆಯದ್ದೋ ಮದುವೆ ಛತ್ರದ್ದೋ ಆಗಿದ್ದಿರಬಹುದು. ಸಾಲದ್ದಕ್ಕೆ 2024ರ ಆಗಸ್ಟ್‌ನಿಂದ ಭಾರತದಲ್ಲೂ ಹುಡುಕಾಟದ ತಲೆಯ ಮೇಲೇ ಎಐ ಉತ್ತರ ಬರುತ್ತಿದೆ. ಪ್ಯಾಕೇಜಿನ ಲೇಖನ ಹೇಳುವ ಮಾತನ್ನೆಲ್ಲ ಅದೇ ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸುತ್ತದೆ.

ಪ್ಯಾಕೇಜ್ ಸೈಟುಗಳಲ್ಲಿ ಮತ್ತೊಂದು ಹುಳುಕಿರುತ್ತದೆ, ಇದು ಖಾತೆಯನ್ನೇ ತಿನ್ನುವಂಥದ್ದು. ಬೆಲೆಯನ್ನು ಲೇಖನದಲ್ಲಿ ಟೈಪ್ ಮಾಡಿಟ್ಟಿರುತ್ತಾರೆ, ಅಮೆಜಾನ್‌ನ ನಕ್ಷತ್ರಗಳನ್ನೂ ಗ್ರಾಹಕರ ಅಭಿಪ್ರಾಯಗಳನ್ನೂ ನಕಲು ಮಾಡಿರುತ್ತಾರೆ, ಚಿತ್ರ ಇಳಿಸಿಕೊಂಡು ಹಾಕಿರುತ್ತಾರೆ. ಮೂರೂ ನಿಷಿದ್ಧ. ಬೆಲೆ ಮತ್ತು ಚಿತ್ರವನ್ನು ಅವರ ಎಪಿಐ (ಅಮೆಜಾನ್‌ನ ಮಾಹಿತಿಯನ್ನು ಸೈಟು ನೇರವಾಗಿ ಪಡೆಯುವ ದಾರಿ) ಮೂಲಕವೇ ತರಬೇಕು, ಆ ಎಪಿಐ ಸಿಗಬೇಕಾದರೆ ಮೊದಲು ಮಾರಾಟ ಆಗಿರಬೇಕು. ಸೈಟ್‌ಸ್ಟ್ರೈಪ್‌ನಿಂದ (ಅಸೋಸಿಯೇಟ್ಸ್ ಖಾತೆಯವರಿಗೆ ಅಮೆಜಾನ್ ಪುಟದ ಮೇಲೆ ಕಾಣುವ ಪಟ್ಟಿ) ಚಿತ್ರದ ಕೊಂಡಿ ತೆಗೆಯುವ ದಾರಿಯೂ 2023ರ ಕೊನೆಗೆ ಮುಚ್ಚಿತು. ಹಾಗಾಗಿ ಶುರುವಿನಲ್ಲಿ ಬೆಲೆ ಹಾಕಲೇಬೇಡಿ, 'ಅಮೆಜಾನ್‌ನಲ್ಲಿ ಬೆಲೆ ನೋಡಿ' ಅಂತ ಬಟನ್ ಇಡಿ. ಕೊಂಡಿಯಿಂದ ನಿಮಗೆ ಕಮಿಷನ್ ಬರುತ್ತದೆ ಅನ್ನೋದನ್ನು ಪುಟದ ಮೇಲ್ಭಾಗದಲ್ಲೇ ಬರೆಯಿರಿ. ಕೊಂಡಿಗಳಿಗೆ 'ಸ್ಪಾನ್ಸರ್ಡ್' ಗುರುತು (ಇದು ದುಡ್ಡು ಬರುವ ಕೊಂಡಿ ಅಂತ ಗೂಗಲ್‌ಗೆ ಹೇಳುವ ಕೋಡ್) ಕೊಡಿ.

ಲೆಕ್ಕ ಬೇಕಾದರೆ ಹೀಗೆ ಹಾಕಿ. ಗ್ರೈಂಡರ್ ಬೆಲೆ 5,000, ಕಮಿಷನ್ ನೂರಕ್ಕೆ 4 ಅಂತ ಇಟ್ಟುಕೊಂಡರೆ ಒಂದಕ್ಕೆ 200 ರೂಪಾಯಿ. ಹಾಕಿದ 30 ಸಾವಿರ ವಾಪಸ್ ಬರಲಿಕ್ಕೇ 150 ಗ್ರೈಂಡರ್ ಮಾರಬೇಕು. ಕೊಂಡಿ ಒತ್ತಿದ ನೂರರಲ್ಲಿ 3 ಜನ ಕೊಂಡರೆ 5,000 ಕ್ಲಿಕ್ಕು, ಓದಿದ ನೂರರಲ್ಲಿ 10 ಜನ ಒತ್ತಿದರೆ 50,000 ಓದುಗರು. ಯೋಗ ಮ್ಯಾಟಿನದ್ದು ಇನ್ನೂ ಕಷ್ಟ, 800 ರೂಪಾಯಿಯ ಮ್ಯಾಟಿಗೆ ಅದೇ ದರದಲ್ಲಿ ಬರುವುದು 32 ರೂಪಾಯಿ. ಕಮಿಷನ್ ದರವೂ ನಿಮ್ಮ ಕೈಯಲ್ಲಿಲ್ಲ. 2020ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಪೀಠೋಪಕರಣದ ದರವನ್ನು ಅಮೆಜಾನ್ ಒಮ್ಮೆಗೇ 8ರಿಂದ 3ಕ್ಕೆ ಇಳಿಸಿತು.

ಈ ವಿಷಯದಲ್ಲಿ ಬರೆಯಲೇಬೇಕು ಅನ್ನಿಸಿದರೆ ಆ 30 ಸಾವಿರದಲ್ಲಿ ಸಾಮಾನು ಕೊಳ್ಳಿ, ಸೈಟು ಬೇಡ. ಗ್ರೈಂಡರ್ ಆದರೆ 2 ಲೀಟರಿನ ಮೂರು. ಒಂದೇ ಅಳತೆಯ ಉದ್ದಿನಬೇಳೆ ನೆನೆಸಿ ಮೂರರಲ್ಲೂ ರುಬ್ಬಿ. ಎಷ್ಟು ನಿಮಿಷಕ್ಕೆ ಹಿಟ್ಟು ಉಬ್ಬಿತು, ಅಷ್ಟರಲ್ಲಿ ಹಿಟ್ಟು ಎಷ್ಟು ಬಿಸಿಯಾಯಿತು, ಬೆಲ್ಟ್ ಜಾರಿತೇ, ಕಲ್ಲಿನ ಸಂದಿಯಲ್ಲಿ ಎಷ್ಟು ಹಿಟ್ಟು ಉಳಿಯಿತು, ತುಂಬಿದ ಡ್ರಮ್ಮನ್ನು ಎತ್ತಲು ಅಜ್ಜಿಗಾಗುತ್ತದೆಯೇ, ಎಲ್ಲ ಅಳೆದು ಚಿತ್ರ ತೆಗೆದು ಬರೆಯಿರಿ. ಮ್ಯಾಟ್ ಆದರೆ ಹತ್ತು ಕೊಳ್ಳಿ: ತೂಕ ಮಾಡಿ, ದಪ್ಪ ಅಳೆಯಿರಿ, ಬೆವರು ಕೈಯಿಟ್ಟಾಗ ಜಾರುತ್ತದೆಯೇ, ಮೂರು ತಿಂಗಳಿಗೆ ಎಲ್ಲಿ ಕಿತ್ತಿತು ನೋಡಿ. ಇಂಥ ಹತ್ತು ಬರಹದ ಮುಂದೆ ಅವರ 40 ನಿಲ್ಲುವುದಿಲ್ಲ. ಕನ್ನಡದಲ್ಲೂ ಬರೆಯಿರಿ, ಅಲ್ಲಿ ಪೈಪೋಟಿ ಕಡಿಮೆ. ಓದುಗರೂ ಕಡಿಮೆ, ಅದನ್ನೂ ತಿಳಿದೇ ಇಳಿಯಿರಿ.

ಆಗಲೇ ದುಡಿಯುತ್ತಿರುವ ಸೈಟು ಕೊಳ್ಳುವುದು ಬೇರೆಯದೇ ವ್ಯಾಪಾರ. ಅದಕ್ಕೆ ತಿಂಗಳ ಲಾಭದ 24ರಿಂದ 36 ಪಟ್ಟು ಕೇಳುವುದು ವಾಡಿಕೆ, 30 ಸಾವಿರದ ಮಾತಲ್ಲ. ಸ್ಕ್ರೀನ್‌ಶಾಟ್ ನಂಬಬೇಡಿ. ಸರ್ಚ್ ಕನ್ಸೋಲಿಗೆ ಓದುವ ಅನುಮತಿ ಕೇಳಿ, ಅದರಲ್ಲಿ 16 ತಿಂಗಳ ದಾಖಲೆ ಇರುತ್ತದೆ, ಗೂಗಲ್ ಹಾಕಿದ ಶಿಕ್ಷೆ ಇದ್ದರೆ ತೋರಿಸುವ 'ಮ್ಯಾನುಯಲ್ ಆಕ್ಷನ್ಸ್' ಪುಟವನ್ನೂ ತೆರೆಸಿ. ಅವರ ಅಸೋಸಿಯೇಟ್ಸ್ ಖಾತೆ ನಿಮಗೆ ವರ್ಗವಾಗುವುದಿಲ್ಲ, ನಿಮ್ಮದು ಹೊಸದು, ಮತ್ತೆ ಅದೇ 180 ದಿನ. ಓದುಗರಿರುವ ಸೈಟಾದ್ದರಿಂದ ಅದು ಅಲ್ಲಿ ಕಷ್ಟವಲ್ಲ, ಅಷ್ಟೆ.

ನೀವು ಮುಂಗಡ ಕೊಟ್ಟಾಗಿದೆ ಅಂತ ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಿ. ಹಾಗಾದರೆ ಬಾಕಿ ಕೊಡುವ ಮೊದಲು ಡೊಮೇನ್ ನಿಮ್ಮದೇ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸುವ ಕಂಪನಿ) ಖಾತೆಗೆ ಬರಬೇಕು ಅನ್ನಿ. ಹೊಸದಾಗಿ ನೋಂದಾಯಿಸಿದ ಡಾಟ್ ಕಾಮ್ ಆದರೆ ಬೇರೆ ರಿಜಿಸ್ಟ್ರಾರ್‌ಗೆ 60 ದಿನ ಸಾಗದು, ಅದೇ ರಿಜಿಸ್ಟ್ರಾರ್‌ನಲ್ಲಿ ನೀವೊಂದು ಖಾತೆ ತೆರೆದು ಒಳಗಿಂದೊಳಗೇ ವರ್ಗ ಮಾಡಿಸಿಕೊಳ್ಳಿ. ವರ್ಡ್‌ಪ್ರೆಸ್‌ನಲ್ಲಿ ಅವರ ಅಡ್ಮಿನ್ ಬಳಕೆದಾರನನ್ನು ಅಳಿಸುವಾಗ ಲೇಖನಗಳನ್ನು ನಿಮ್ಮ ಹೆಸರಿಗೆ ವರ್ಗಾಯಿಸುವ ಆಯ್ಕೆ ಒತ್ತಲು ಮರೆಯಬೇಡಿ, ಇಲ್ಲದಿದ್ದರೆ ನಲವತ್ತೂ ಅವರ ಜೊತೆಗೇ ಹೋಗುತ್ತವೆ. ಹೋಸ್ಟಿಂಗ್, ಡೇಟಾಬೇಸ್, ಎಫ್‌ಟಿಪಿ (ಸೈಟಿಗೆ ಫೈಲ್ ಹಾಕುವ ದಾರಿ) ಪಾಸ್‌ವರ್ಡ್ ಮೂರನ್ನೂ ಬದಲಿಸಿ. ಸರ್ಚ್ ಕನ್ಸೋಲಿನ ಮಾಲೀಕರ ಪಟ್ಟಿಯಿಂದ ಅವರನ್ನು ತೆಗೆದು, ಸೈಟು ತಮ್ಮದು ಅಂತ ಗೂಗಲ್‌ಗೆ ತೋರಿಸಲು ಅವರು ಬಿಟ್ಟ ದೃಢೀಕರಣದ ಫೈಲನ್ನೂ ಅಳಿಸಿ. ಅಸೋಸಿಯೇಟ್ಸ್‌ನ ಸೈನ್‌ಅಪ್ ಪುಟವನ್ನು ಮಾತ್ರ ಈ ವರ್ಷ ತೆರೆಯಬೇಡಿ, ಅವರ ಪಿಡಿಎಫ್ ಏನೇ ಹೇಳಲಿ.