ನಮ್ಮ ಬ್ರ್ಯಾಂಡಿನ ಡಾಟ್ ಇನ್ ಹೆಸರು ಹಿಡಿದಿಟ್ಟವರು 2 ಲಕ್ಷ ಕೇಳ್ತಿದ್ದಾರೆ, ಇದು ತಪ್ಪಲ್ವಾ?
ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಹೆಸರು ಕೊಂಡಿಟ್ಟು ಮಾರುವುದೇ ತಪ್ಪು ಅಂತ ಹೇಳಲಾಗದು. ಬೈಪಾಸ್ ಪಕ್ಕ ಸೈಟು ಹಿಡಿದಿಟ್ಟು ಕೂತವರು ನಮ್ಮೂರಲ್ಲೂ ಇದ್ದಾರೆ, ಅಲ್ವಾ? ವ್ಯತ್ಯಾಸ ಇಷ್ಟೇ, ಡೊಮೇನ್, ಅಂದರೆ ವೆಬ್‌ಸೈಟಿನ ಹೆಸರು, ಸ್ವಂತ ಆಗುವುದಿಲ್ಲ. ಅವಧಿ ಮುಗಿದಾಗೆಲ್ಲ ದುಡ್ಡು ಕಟ್ಟಿ ನವೀಕರಿಸಬೇಕು, ಬಾಡಿಗೆ ಮಳಿಗೆಯ ಹಾಗೆ.

ಡಾಟ್ ಇನ್ ನೋಡಿಕೊಳ್ಳುವುದು 2003ರಲ್ಲಿ ಶುರುವಾದ ನಿಕ್ಸಿ, ಲಾಭಕ್ಕಾಗಿ ನಡೆಸದ ಕಂಪನಿ. ಮೊದಲು ಬಂದವರಿಗೆ ಹೆಸರು ಅನ್ನುವುದು ಅದರ ನಿಯಮ. ತಕರಾರಿಗೆ ಐಎನ್‌ಡಿಆರ್‌ಪಿ ಎಂಬ ನೀತಿ ಇದೆ. ನಿಕ್ಸಿ ನೇಮಿಸಿದ ಮಧ್ಯಸ್ಥಗಾರರು ದಾಖಲೆ ನೋಡಿ ತೀರ್ಮಾನಿಸುತ್ತಾರೆ. ಡೊಮೇನ್ ನಿಮ್ಮ ಟ್ರೇಡ್‌ಮಾರ್ಕನ್ನು ಹೋಲುತ್ತದೆ, ಆ ಹೆಸರಿನ ಮೇಲೆ ಅವರಿಗೆ ಹಕ್ಕಿಲ್ಲ, ಉದ್ದೇಶ ಕೆಟ್ಟದ್ದು ಅಂತ ನೀವು ತೋರಿಸಬೇಕು. ಗೆದ್ದರೆ ಹೆಸರು ನಿಮಗೆ ವರ್ಗವಾಗಬಹುದು.

ಕಷ್ಟ ಇರುವುದು ಆ ಉದ್ದೇಶದಲ್ಲೇ. ನಿಮಗೇ ಮಾರಲೆಂದು ಕೊಂಡಿದ್ದರೆ ಕೇಸು ಗಟ್ಟಿ. ಅವರು 2010ರಲ್ಲೇ ಕೊಂಡು, ನೀವು 2019ರಲ್ಲಿ ಅಂಗಡಿ ತೆರೆದಿದ್ದರೆ? ಸುಮ್ನೆ ಖರ್ಚು. ಬರೀ ‘ಬಳ್ಳಾರಿ ಜೀನ್ಸ್’ ಥರದ ಸಾಮಾನ್ಯ ಹೆಸರಾದರಂತೂ ಚೌಕಾಸಿಯೇ ವಾಸಿ. ಮೊದಲು ಡೊಮೇನ್‌ಗಳ ವಿವರ ತೋರಿಸುವ ‘ಹೂ ಈಸ್’ (WHOIS) ಎಂಬ ಆನ್‌ಲೈನ್ ಹುಡುಕಾಟದಲ್ಲಿ ನೋಂದಣಿಯ ತಾರೀಖು ನೋಡಿ.